ಬೆನಗಲ್ ರಾಮರಾಯರು

ನೋಟು ಎಂಬುದು ಮೂಲತಃ ಒಂದು ಕಾಗದದ ಚೂರು. ಆ ಚೂರನ್ನು ಕೊಟ್ಟರೆ ಅಂಗಡಿಯವನು ಅಕ್ಕಿ ಅಳೆದು ಕೊಡುತ್ತಾನೆ. ಬಟ್ಟೆಯ ವ್ಯಾಪಾರಿ ಬಟ್ಟೆ ಹರಿದು ಕೊಡುತ್ತಾನೆ. ಕಾಗದಕ್ಕೆ ಈ ಬೆಲೆ ಬಂದುದು ನಂಬಿಕೆಯಿಂದ. ಎರಡು ರೂಪಾಯಿ ಮತ್ತು ಅದಕ್ಕೂ ಹೆಚ್ಚಿನ ಮೌಲ್ಯದ ನೋಟುಗಳ ಮೇಲೆ ರಿಸರ್ವ್ ಬ್ಯಾಂಕಿನ ಗವರ್ನರರ ಸಹಿ ಇರುವುದೂ ಆ ನಂಬಿಕೆಯ ಗುರುತಿಗಾಗಿಯೇ. ಭಾರತವು ಗಣರಾಜ್ಯವಾದ ಹೊಸತರಲ್ಲಿ ಅಚ್ಚಾದ ನೋಟುಗಳ ಮೇಲೆ ಸಹಿ ಹಾಕಿದವರು ಕನ್ನಡ ನಾಡಿನ ಮನೆತನದವರೊಬ್ಬರು. ಅವರೇ ಸರ್ ಬೆನಗಲ್ ರಾಮರಾಯರು.

ರಾಮರಾಯರು 1889ರಲ್ಲಿ ದಕ್ಷಿಣ ಕನ್ನಡದ ಸುಸಂಸ್ಕೃತ ಸಾರಸ್ವತ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಬೆನಗಲ್ ರಾಘವೇಂದ್ರರಾಯರು ಹೆಸರಾಂತ ವೈದ್ಯರು. ಒಂದೇ ಮನೆಯ ಮಕ್ಕಳು ಬೇರೆ ಬೇರೆ ದಾರಿಗಳಲ್ಲಿ ನಡೆದು ದೇಶಸೇವೆ ಮಾಡಿದ ಅಪೂರ್ವ ಉದಾಹರಣೆ ಇದು. ಅಣ್ಣ ಬೆನಗಲ್ ನರಸಿಂಗರಾಯರು ಸಂವಿಧಾನ ರಚನಾಸಭೆಯ ಸಲಹೆಗಾರರಾಗಿ ನಮ್ಮ ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿದರು. ತಮ್ಮ ಶಿವರಾಯರು ಪತ್ರಕರ್ತರಾಗಿ, ಕಾರ್ಮಿಕರ ಬಂಧುವಾಗಿ, ಸಂಸತ್ ಸದಸ್ಯರಾಗಿ ಕೀರ್ತಿ ಪಡೆದರು. 1925ರಲ್ಲಿ ಬೆಳಗಾವಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ ವಿದ್ವಾಂಸರ ಹೆಸರೂ ಬೆನಗಲ್ ರಾಮರಾಯರೆಂದೇ. ಆದರೆ ಅವರು ಬೇರೆ, ಇವರು ಬೇರೆ.

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿಯೂ ವ್ಯಾಸಂಗ ಮಾಡಿದ ರಾಮರಾಯರು ಇಂಡಿಯನ್ ಸಿವಿಲ್ ಸರ್ವಿಸ್ ಸೇರಿದರು. ಆ ಕಾಲದಲ್ಲಿ ಭಾರತೀಯರಿಗೆ ಆ ಸೇವೆಯಲ್ಲಿ ಪ್ರವೇಶ ದೊರೆಯುವುದು ಸುಲಭವಾಗಿರಲಿಲ್ಲ. ಹುಬ್ಬಳ್ಳಿಯಲ್ಲಿ ಹುಟ್ಟಿದ, ಕಾಶ್ಮೀರಿ ಪಂಡಿತ ಮನೆತನದ ಧನ್ವಂತಿ ಅವರನ್ನು ಅವರು ವಿವಾಹವಾದರು. ಹೆಣ್ಣುಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ದಿನಗಳಲ್ಲಿ ಧನ್ವಂತಿ ಅವರು ಓದಿ, ಮದರಾಸಿನಲ್ಲಿ ಅಧ್ಯಾಪಕಿಯಾಗಿದ್ದರು. ಭಾಷೆ, ಪ್ರಾಂತಗಳ ಗಡಿ ದಾಟಿದ ಈ ದಾಂಪತ್ಯ ಇಬ್ಬರ ಸಾರ್ವಜನಿಕ ಜೀವನಕ್ಕೂ ಬಲ ತಂದಿತು.

ರಾಮರಾಯರು ಹೊತ್ತ ಹೊಣೆಗಳು ಅನೇಕ. 1938ರಿಂದ 1941ರವರೆಗೆ ಅವರು ದಕ್ಷಿಣ ಆಫ್ರಿಕದಲ್ಲಿ ಭಾರತ ಸರ್ಕಾರದ ಪ್ರತಿನಿಧಿಯಾಗಿದ್ದರು. ಗಾಂಧೀಜಿಯವರು ಸತ್ಯಾಗ್ರಹವನ್ನು ಮೊದಲು ಪ್ರಯೋಗಿಸಿದ ಆ ನೆಲದಲ್ಲಿ ವರ್ಣಭೇದದ ಕಹಿ ಇನ್ನೂ ಹೋಗಿರಲಿಲ್ಲ. ಅಲ್ಲಿಂದ ಮರಳಿ 1941ರಿಂದ 1946ರವರೆಗೆ ಮುಂಬಯಿ ಬಂದರು ಮಂಡಳಿಯ ಅಧ್ಯಕ್ಷರಾದರು. 1944ರ ಏಪ್ರಿಲ್ 14ರಂದು ಆ ಬಂದರಿನಲ್ಲಿ ಮದ್ದುಗುಂಡು ತುಂಬಿದ್ದ ಹಡಗೊಂದು ಸಿಡಿದು ನೂರಾರು ಜನ ಪ್ರಾಣ ಕಳೆದುಕೊಂಡರು. ಹಾಳಾದ ಬಂದರನ್ನು ಮತ್ತೆ ಕಟ್ಟಿ ನಿಲ್ಲಿಸುವ ಭಾರ ಆ ಮಂಡಳಿಯ ಮೇಲೆ ಬಿದ್ದಿತು. ಸ್ವಾತಂತ್ರ್ಯ ಬಂದ ಮೇಲೆ ಅವರು ಜಪಾನಿನಲ್ಲಿಯೂ, ಅನಂತರ ಅಮೆರಿಕದಲ್ಲಿಯೂ ಭಾರತವನ್ನು ಪ್ರತಿನಿಧಿಸಿದರು.

1949ರ ಜುಲೈ 1ರಂದು ರಾಮರಾಯರು ರಿಸರ್ವ್ ಬ್ಯಾಂಕಿನ ಗವರ್ನರರಾದರು. 1935ರಲ್ಲಿ ಖಾಸಗಿ ಷೇರುದಾರರ ಸಂಸ್ಥೆಯಾಗಿ ಆರಂಭವಾಗಿದ್ದ ಆ ಬ್ಯಾಂಕು ಅದೇ ವರ್ಷದ ಜನವರಿಯಲ್ಲಿ ರಾಷ್ಟ್ರದ ಸೊತ್ತಾಗಿತ್ತು. ನೋಟು ಹೊರಡಿಸುವುದು, ಸರ್ಕಾರದ ಹಣ ನೋಡಿಕೊಳ್ಳುವುದು, ಉಳಿದ ಬ್ಯಾಂಕುಗಳ ಮೇಲೆ ಕಣ್ಣಿಡುವುದು ಅದರ ಕೆಲಸ. ಆದುದರಿಂದ ಅದನ್ನು ಬ್ಯಾಂಕುಗಳ ಬ್ಯಾಂಕು ಎನ್ನುತ್ತಾರೆ. ದೇಶ ಆಗ ವಿಭಜನೆಯ ಗಾಯದಿಂದ ಇನ್ನೂ ಚೇತರಿಸಿಕೊಂಡಿರಲಿಲ್ಲ. ರಾಮರಾಯರು ಅಧಿಕಾರ ವಹಿಸಿಕೊಂಡು ಮೂರು ತಿಂಗಳು ತುಂಬುವ ಮೊದಲೇ ಬ್ರಿಟನ್ ತನ್ನ ಪೌಂಡಿನ ಬೆಲೆಯನ್ನು ತಗ್ಗಿಸಿತು. ಭಾರತವೂ ರೂಪಾಯಿಯ ಬೆಲೆಯನ್ನು ತಗ್ಗಿಸಬೇಕಾಯಿತು. ಮರುವರ್ಷ ಕೊರಿಯದ ಯುದ್ಧ ಹೊತ್ತಿಕೊಂಡು ಸರಕುಗಳ ಬೆಲೆ ಏರಿತು.

ಬೆಲೆ ಏರುವಾಗ ಸಾಲ ಸುಲಭವಾಗಿ ದೊರೆತರೆ ವ್ಯಾಪಾರಿಗಳು ಸಾಲದ ಹಣದಿಂದ ಸರಕು ಕೊಂಡು ಕೂಡಿಡುತ್ತಾರೆ. ಬೆಲೆ ಇನ್ನಷ್ಟು ಏರುತ್ತದೆ. ಇದರ ಬಿಸಿ ಮೊದಲು ತಟ್ಟುವುದು ಬಡವನ ಒಲೆಗೆ. ರಿಸರ್ವ್ ಬ್ಯಾಂಕು ಇತರ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿಗೆ ಬ್ಯಾಂಕ್ ದರ ಎಂದು ಹೆಸರು. ಅದನ್ನು ಏರಿಸಿದರೆ ಎಲ್ಲ ಕಡೆಯೂ ಸಾಲ ಬಿಗಿಯಾಗುತ್ತದೆ. ಹದಿನಾರು ವರ್ಷಗಳಿಂದ ಶೇಕಡ 3ರಲ್ಲಿಯೇ ನಿಂತಿದ್ದ ಈ ದರವನ್ನು 1951ರ ನವೆಂಬರಿನಲ್ಲಿ ಶೇಕಡ 3.5ಕ್ಕೆ ಏರಿಸಲಾಯಿತು. ಅಂಕಿ ಚಿಕ್ಕದು, ಆದರೆ ನಾಣ್ಯದ ಕಾವಲುಗಾರ ಎಚ್ಚರವಾಗಿದ್ದಾನೆಂಬ ಸಂದೇಶ ದೊಡ್ಡದು.

ರಾಮರಾಯರ ಕಾಲದ ಅತ್ಯಂತ ಮಹತ್ವದ ಕಾರ್ಯ ಹಳ್ಳಿಗಳಿಗೆ ಸಂಬಂಧಿಸಿದ್ದು. ಸೊರಬ ತಾಲ್ಲೂಕಿನ ಜಡೆಯಂಥ ಊರಿನಲ್ಲಿ ಭತ್ತ ಬೆಳೆಯುವ ರೈತನಿಗೆ ಮಳೆಗಾಲದ ಮುನ್ನ ಬೀಜಕ್ಕೆ, ಎತ್ತಿಗೆ, ಆಳಿನ ಕೂಲಿಗೆ ಹಣ ಬೇಕು; ಕೈಗೆ ಹಣ ಬರುವುದು ಸುಗ್ಗಿಯಾದ ಮೇಲೆ. ನಡುವಿನ ತಿಂಗಳುಗಳಲ್ಲಿ ಅವನಂಥವರು ಯಾರಲ್ಲಿ ಸಾಲ ಮಾಡುತ್ತಾರೆ? ಇದನ್ನು ತಿಳಿಯಲು ರಿಸರ್ವ್ ಬ್ಯಾಂಕು 1951ರಲ್ಲಿ ಎ. ಡಿ. ಗೋರ್ವಾಲಾ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ದೇಶದ 75 ಜಿಲ್ಲೆಗಳ 600 ಹಳ್ಳಿಗಳಲ್ಲಿ ವಿಚಾರಣೆ ನಡೆಯಿತು. 1954ರಲ್ಲಿ ಹೊರಬಂದ ವರದಿ ಕಣ್ಣು ತೆರೆಸುವಂತಿತ್ತು. ರೈತರು ಪಡೆದ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಶೇಕಡ 3ರಷ್ಟು. ವಾಣಿಜ್ಯ ಬ್ಯಾಂಕುಗಳ ಪಾಲು ಶೇಕಡ 1ನ್ನೂ ಮುಟ್ಟಿರಲಿಲ್ಲ. ಬಹುಪಾಲು ಸಾಲ ಲೇವಾದೇವಿಗಾರರಿಂದ ಬಂದದ್ದು. ಈ ವರದಿಯ ಸಲಹೆಯಂತೆ 1955ರ ಜುಲೈ 1ರಂದು ಇಂಪೀರಿಯಲ್ ಬ್ಯಾಂಕು ಭಾರತೀಯ ಸ್ಟೇಟ್ ಬ್ಯಾಂಕ್ ಆಯಿತು. ಐದು ವರ್ಷಗಳಲ್ಲಿ 400 ಹೊಸ ಶಾಖೆಗಳನ್ನು ತೆರೆಯುವ ಹೊಣೆಯನ್ನೂ ಅದಕ್ಕೆ ವಹಿಸಲಾಯಿತು. ಪಟ್ಟಣದ ಬ್ಯಾಂಕು ಹಳ್ಳಿಯ ಕಡೆ ಮುಖ ಮಾಡಿದ್ದು ಹೀಗೆ.

ರಾಮರಾಯರ ಜೀವನದ ಕಠಿಣ ಪರೀಕ್ಷೆ ಕೊನೆಯಲ್ಲಿ ಬಂದಿತು. ಅವರಿಗೆ ಮೊದಲು ಗವರ್ನರರಾಗಿದ್ದ ಸಿ. ಡಿ. ದೇಶಮುಖರು 1950ರಲ್ಲಿ ಕೇಂದ್ರದ ಹಣಕಾಸು ಮಂತ್ರಿಗಳಾಗಿದ್ದರು. 1956ರಲ್ಲಿ ದೇಶಮುಖರು ರಾಜೀನಾಮೆ ಕೊಟ್ಟ ಬಳಿಕ ಟಿ. ಟಿ. ಕೃಷ್ಣಮಾಚಾರಿಯವರು ಆ ಸ್ಥಾನಕ್ಕೆ ಬಂದರು. ಆಗ ಬ್ಯಾಂಕುಗಳು ಹುಂಡಿಗಳ ಆಧಾರದ ಮೇಲೆ ರಿಸರ್ವ್ ಬ್ಯಾಂಕಿನಿಂದ ಸಾಲ ಪಡೆಯುತ್ತಿದ್ದವು. ಆ ವರ್ಷದ ನವೆಂಬರಿನಲ್ಲಿ ಹೊಸ ಮಂತ್ರಿಗಳು ಹುಂಡಿಗಳ ಮುದ್ರಾಂಕ ಶುಲ್ಕವನ್ನು ಏರಿಸುವ ಸೂಚನೆ ತಂದರು. ಇದರಿಂದ ಸಾಲದ ಬೆಲೆ ತಾನಾಗಿ ಏರಿತು. ಬಡ್ಡಿಯ ದರವನ್ನು ತೂಗಿ ನೋಡಿ ಗೊತ್ತುಮಾಡುವುದು ರಿಸರ್ವ್ ಬ್ಯಾಂಕಿನ ಕೆಲಸ. ತೆರಿಗೆಯ ಹಿಂಬಾಗಿಲಿನಿಂದ ಅದನ್ನು ಬದಲಿಸುವುದು ಸರಿಯಲ್ಲವೆಂದು ರಾಮರಾಯರು ಆಕ್ಷೇಪಿಸಿದರು. ಬ್ಯಾಂಕಿನ ಕೇಂದ್ರ ಮಂಡಳಿ ಅವರ ಬೆಂಬಲಕ್ಕೆ ನಿಂತಿತು. ಆದರೆ ರಿಸರ್ವ್ ಬ್ಯಾಂಕು ತಮ್ಮ ಮಂತ್ರಾಲಯದ ಒಂದು ವಿಭಾಗವಿದ್ದಂತೆ ಎಂಬುದು ಮಂತ್ರಿಗಳ ನಿಲುವು. ಪ್ರಧಾನಿ ಜವಾಹರಲಾಲ್ ನೆಹರೂ ಅವರು ಮಂತ್ರಿಗಳ ಪಕ್ಷವನ್ನೇ ವಹಿಸಿದರು.

ಪ್ರಜಾಪ್ರಭುತ್ವದಲ್ಲಿ ಜನರಿಗೆ ಉತ್ತರ ಹೇಳಬೇಕಾದವರು ಚುನಾಯಿತರಾದ ಮಂತ್ರಿಗಳು. ಆದುದರಿಂದ ಕೊನೆಯ ಮಾತು ಸರ್ಕಾರದ್ದೇ ಎಂಬ ನೆಹರೂ ಅವರ ವಾದದಲ್ಲಿ ತಥ್ಯವಿಲ್ಲದಿಲ್ಲ. ಆದರೆ ಖರ್ಚು ಮಾಡುವವನ ಕೈಯಲ್ಲಿಯೇ ಹಣದ ಕಾವಲೂ ಸೇರಿದರೆ ಕಾವಲಿಗೆ ಅರ್ಥವೇನು ಎಂಬ ಪ್ರಶ್ನೆಯೂ ಅಷ್ಟೇ ತೂಕದ್ದು. ರಾಮರಾಯರ ಮುಂದೆ ಎರಡು ದಾರಿಗಳಿದ್ದವು: ತಲೆ ತಗ್ಗಿಸಿ ಪದವಿಯಲ್ಲಿ ಉಳಿಯುವುದು, ಇಲ್ಲವೇ ತಲೆ ಎತ್ತಿ ಹೊರನಡೆಯುವುದು. ಅವರು ಎರಡನೆಯದನ್ನು ಆರಿಸಿಕೊಂಡರು. 1957ರ ಜನವರಿ 14ರಂದು ಅವರು ಗವರ್ನರ್ ಪದವಿಯನ್ನು ತೊರೆದರು. ಏಳೂವರೆ ವರ್ಷಗಳಷ್ಟು ದೀರ್ಘಕಾಲ ಆ ಪೀಠದಲ್ಲಿದ್ದವರು ಅವರಿಗೆ ಮೊದಲೂ ಇಲ್ಲ, ಅನಂತರವೂ ಇಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಬ್ಯಾಂಕ್ ದರವನ್ನು ಶೇಕಡ 4ಕ್ಕೆ ಏರಿಸಿ, ಮುದ್ರಾಂಕ ಶುಲ್ಕವನ್ನು ಇಳಿಸಲಾಯಿತು. ರಾಮರಾಯರು ಎತ್ತಿದ ಆಕ್ಷೇಪ ವ್ಯರ್ಥವಾಗಲಿಲ್ಲ.

ಧನ್ವಂತಿ ಅವರು 1949ರಲ್ಲಿ ಭಾರತೀಯ ಕುಟುಂಬ ಯೋಜನಾ ಸಂಘವನ್ನು ಸ್ಥಾಪಿಸಿ, ತಾಯಂದಿರ ಆರೋಗ್ಯಕ್ಕಾಗಿ ದುಡಿದು, 1959ರಲ್ಲಿ ಪದ್ಮಭೂಷಣ ಪ್ರಶಸ್ತಿಗೆ ಪಾತ್ರರಾದರು. ಮಗಳು ಶಾಂತಾ ರಾಮರಾವ್ ಇಂಗ್ಲಿಷಿನ ಹೆಸರಾಂತ ಲೇಖಕಿಯಾದರು. ರಾಮರಾಯರು 1969ರಲ್ಲಿ ತಮ್ಮ ಎಂಬತ್ತನೆಯ ವಯಸ್ಸಿನ ಸುಮಾರಿಗೆ ನಿಧನ ಹೊಂದಿದರು.

ರಿಸರ್ವ್ ಬ್ಯಾಂಕಿನ ಗವರ್ನರರಾಗಿದ್ದವರಲ್ಲಿ ದೇಶಮುಖರು ಹಣಕಾಸು ಮಂತ್ರಿಗಳಾದರು. ಮನಮೋಹನ ಸಿಂಗ್ ಅವರು 2004ರಲ್ಲಿ ಪ್ರಧಾನಿಯೇ ಆದರು. ರಾಮರಾಯರು ಮಂತ್ರಿಯಾಗಲಿಲ್ಲ. ಆದರೂ ರಾಷ್ಟ್ರವನ್ನು ಕಟ್ಟಿದವರ ಸಾಲಿನಲ್ಲಿ ಅವರಿಗೆ ಸ್ಥಾನವಿದೆ. ಪದವಿ ಮನುಷ್ಯನಿಗೆ ಗೌರವ ತರುವುದುಂಟು. ಮನುಷ್ಯನು ಪದವಿಗೆ ಗೌರವ ತರುವುದು ಅಪೂರ್ವ. ಪದವಿಯ ಘನತೆಯನ್ನು ಉಳಿಸಲು ಪದವಿಯನ್ನೇ ಬಿಟ್ಟುಕೊಟ್ಟ ರಾಮರಾಯರು ಆ ಅಪೂರ್ವರಲ್ಲಿ ಒಬ್ಬರು.