ಮಾರ್ಕೋನಿಗೇ ತಟ್ಟಿದ ಜಾಮರ್ ಬಿಸಿ

ಕಮಲಾಪುರದಲ್ಲಿ ನಿಂತು ಮಾತಾಡುವಾಗ ಟವರಿನಿಂದ ನಮ್ಮ ಮೊಬೈಲಿಗೆ ಮುಟ್ಟುವ ಶಕ್ತಿ ಎಷ್ಟೋ ಸಲ ಒಂದು ವ್ಯಾಟ್‌ನ ಲಕ್ಷ ಕೋಟಿಯಲ್ಲೊಂದು ಪಾಲು. ಹತ್ತಿರದಲ್ಲಿ ಯಾರಾದ್ರೂ ಅದೇ ತರಂಗಾಂತರದಲ್ಲಿ ಗದ್ದಲ ಎಬ್ಬಿಸಿದರೆ ಕಥೆ ಮುಗೀತು. ಈ ದೌರ್ಬಲ್ಯದ ಬಿಸಿ ಗುಲ್ಯೆಲ್ಮೊ ಮಾರ್ಕೋನಿಗೇ ತಟ್ಟಿತ್ತು.

ಹುಟ್ಟಿದ್ದು 1874ರಲ್ಲಿ, ಇಟಲಿಯ ಬೊಲೊನ್ಯಾದಲ್ಲಿ. ಪದವಿ ಇರಲಿಲ್ಲ. 1896ರಲ್ಲಿ ಲಂಡನ್‌ಗೆ ಹೋಗಿ ಪೇಟೆಂಟ್‌ಗೆ ಅರ್ಜಿ ಹಾಕಿದರು, ಮರುವರ್ಷ ಕಂಪನಿ ಕಟ್ಟಿದರು. 1900ರ 7777 ಸಂಖ್ಯೆಯ ಪೇಟೆಂಟ್ ಶ್ರುತಿ ಹೊಂದಿಸುವ ತಂತ್ರದ್ದು. ಇನ್ನು ಒಬ್ಬರ ಸಂದೇಶಕ್ಕೆ ಇನ್ನೊಬ್ಬರು ಅಡ್ಡ ಬರಲಾರರು ಅಂತ ಅವರು ಹೇಳಿಕೊಂಡರು. ವಿಜ್ಞಾನವಾಗಿ ಸರಿ, ಜಾಹೀರಾತಾಗಿ ತುಸು ಜಾಸ್ತಿಯೇ.

1903ರ ಜೂನ್‌ನಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಅವರ ಸಹೋದ್ಯೋಗಿ ಫ್ಲೆಮಿಂಗ್ ಪ್ರಾತ್ಯಕ್ಷಿಕೆ ಇಟ್ಟುಕೊಂಡಿದ್ದರು. ಕಾರ್ನ್‌ವಾಲ್‌ನಿಂದ ಮಾರ್ಕೋನಿ ಸಂದೇಶ ಕಳಿಸಬೇಕು. ಅಷ್ಟರಲ್ಲೇ ಯಂತ್ರ ಮಾರ್ಕೋನಿಯನ್ನು ಗೇಲಿ ಮಾಡುವ ಪದ್ಯ ಕುಟ್ಟತೊಡಗಿತು! ಕಳಿಸಿದ್ದು ಜಾದೂಗಾರ ನೆವಿಲ್ ಮ್ಯಾಸ್ಕೆಲಿನ್. ಅವರಿಗೆ ಕೆಲಸ ಕೊಟ್ಟಿದ್ದು ಮಾರ್ಕೋನಿಗೆ ಹೆದರಿದ್ದ ಒಂದು ಕೇಬಲ್ ಟೆಲಿಗ್ರಾಫ್ ಕಂಪನಿ. ಶ್ರುತಿಯ ಗುಟ್ಟು ಬೇಕಾಗಲೇ ಇಲ್ಲ, ಹತ್ತಿರದಲ್ಲಿಟ್ಟ ಸಾದಾ ಟ್ರಾನ್ಸ್‌ಮಿಟರ್ ಸಾಕಾಯ್ತು. ಫ್ಲೆಮಿಂಗ್ ಪತ್ರಿಕೆಗೆ ಸಿಟ್ಟಿನ ಪತ್ರ ಬರೆದರು.

ಮಾರ್ಕೋನಿಗೆ 1909ರಲ್ಲಿ ನೊಬೆಲ್ ಬಂತು. 1912ರಲ್ಲಿ ಟೈಟಾನಿಕ್‌ನ ಮೊರೆ ಹೊರಟಿದ್ದೂ ಅವರ ಕಂಪನಿಯ ಯಂತ್ರದಿಂದಲೇ. 1923ರಲ್ಲಿ ಮುಸೊಲಿನಿಯ ಪಕ್ಷ ಸೇರಿದ್ದನ್ನು ಅಭಿಮಾನಿಗಳು ಅಷ್ಟಾಗಿ ಹೇಳಲ್ಲ. ತೀರಿಕೊಂಡದ್ದು 1937ರಲ್ಲಿ, ರೋಮ್‌ನಲ್ಲಿ.

ಇವತ್ತಿನ 4ಜಿ, 5ಜಿಯಲ್ಲಿ ಗೂಢಲಿಪಿ ಇದೆ, ಮಾತು ಕದಿಯೋದು ಕಷ್ಟ. ಆದರೆ ಮಾತನ್ನು ಗದ್ದಲದಲ್ಲಿ ಮುಳುಗಿಸೋರನ್ನು ಗೂಢಲಿಪಿ ತಡೆಯಲ್ಲ. ಬೆಂಗಳೂರಿನ ಪರಪ್ಪನ ಅಗ್ರಹಾರ ಜೈಲಿನ ಜಾಮರ್‌ಗಳಿಂದ ಕೈದಿಗಳದ್ದಷ್ಟೇ ಅಲ್ಲ, ತಮ್ಮ ಫೋನೂ ಸತ್ತುಹೋಗುತ್ತಿದೆ ಅಂತ ಅಕ್ಕಪಕ್ಕದ ನಿವಾಸಿಗಳೇ ದೂರಿದ್ದರು.