ತನ್ನ ನಿಲುವನ್ನು ತಾನೇ ತಿದ್ದಿಕೊಂಡ ನ್ಯಾಯಮೂರ್ತಿ: ಅರ್ಲ್ ವಾರನ್



ಒಂದು ಊರಿನ ಜನ ಕೆಲಸ ಹುಡುಕಿಕೊಂಡು ನಗರಕ್ಕೆ ಹೋದರೆ ಊರಿನಲ್ಲಿ ಏನೇನು ಬದಲಾಗುತ್ತದೆ? ಅಂಗಡಿಯ ವ್ಯಾಪಾರ ಇಳಿಯುತ್ತದೆ, ಶಾಲೆಯಲ್ಲಿ ಮಕ್ಕಳು ಕಡಿಮೆಯಾಗುತ್ತಾರೆ, ಮನೆಗಳಿಗೆ ಬೀಗ ಬೀಳುತ್ತದೆ. ಇವೆಲ್ಲ ನಮ್ಮ ಕಣ್ಣಿಗೆ ಕಾಣುತ್ತವೆ. ಕಣ್ಣಿಗೆ ಕಾಣದ ಇನ್ನೊಂದು ಬದಲಾವಣೆಯಿದೆ. ಅದು ಮತದ ತೂಕ. ಜನ ಹೋದ ಮೇಲೂ ಕ್ಷೇತ್ರದ ಗಡಿ ಹಾಗೆಯೇ ಉಳಿದರೆ ಊರಿನಲ್ಲಿ ಉಳಿದ ಕೆಲವರ ಮತಕ್ಕೆ ತೂಕ ಹೆಚ್ಚುತ್ತದೆ. ನಗರದಲ್ಲಿ ತುಂಬಿಕೊಂಡ ಲಕ್ಷಾಂತರ ಜನರ ಮತ ಹಗುರವಾಗುತ್ತದೆ. ಅಮೆರಿಕದಲ್ಲಿ ಈ ಅಸಮಾನತೆಯನ್ನು ತೊಡೆದುಹಾಕುವ ತೀರ್ಪು ಬರೆದವರು ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರನ್. ಅವರ ಜೀವನವನ್ನು ನಾವು ಓದಬೇಕಾದ ಕಾರಣ ಇದೊಂದೇ ಅಲ್ಲ. ಒಂದು ಕಾಲದಲ್ಲಿ ಇದೇ ಅಸಮಾನತೆಯ ಪರವಾಗಿ ನಿಂತವರೂ ಅವರೇ.

ವಾರನ್ 1891ರ ಮಾರ್ಚ್ 19ರಂದು ಕ್ಯಾಲಿಫೋರ್ನಿಯಾದ ಲಾಸ್ ಏಂಜಲೀಸ್‌ನಲ್ಲಿ ಜನಿಸಿದರು. ಆಗ ಆ ನಗರದ ಜನಸಂಖ್ಯೆ ಸುಮಾರು 50 ಸಾವಿರ ಮಾತ್ರ. ತಂದೆ ರೈಲ್ವೆ ಕಂಪನಿಯಲ್ಲಿ ಕೆಲಸಗಾರರು. ಬೇಕರ್ಸ್‌ಫೀಲ್ಡ್ ಎಂಬ ಸಣ್ಣ ಪಟ್ಟಣದಲ್ಲಿ ಬೆಳೆದ ಬಾಲಕ ವಾರನ್ ರಜೆಯ ದಿನಗಳಲ್ಲಿ ತಾವೂ ರೈಲ್ವೆಯಲ್ಲಿ ದುಡಿದರು. ಬರ್ಕ್ಲಿಯ ವಿಶ್ವವಿದ್ಯಾನಿಲಯದಲ್ಲಿ ಓದಿ 1914ರಲ್ಲಿ ಕಾನೂನು ಪದವಿ ಪಡೆದರು. 1925ರಿಂದ 1939ರವರೆಗೆ ಅಲಮೇಡಾ ಕೌಂಟಿಯ ಸರಕಾರಿ ಅಭಿಯೋಜಕರಾಗಿ, ಅನಂತರ ರಾಜ್ಯದ ಅಟಾರ್ನಿ ಜನರಲ್ ಆಗಿ ಕೆಲಸ ಮಾಡಿದರು. 1943ರಿಂದ 1953ರವರೆಗೆ ಕ್ಯಾಲಿಫೋರ್ನಿಯಾದ ಗವರ್ನರ್ ಆಗಿದ್ದರು. ಅಲ್ಲಿನ ಗವರ್ನರ್ ನಮ್ಮ ರಾಜ್ಯಪಾಲರಂತಲ್ಲ. ಜನರಿಂದಲೇ ನೇರವಾಗಿ ಆರಿಸಿ ಬಂದು, ನಮ್ಮ ಮುಖ್ಯಮಂತ್ರಿಗಳಂತೆ ಆಡಳಿತ ನಡೆಸುವವರು. ವಾರನ್ ಸತತ ಮೂರು ಬಾರಿ ಆ ಸ್ಥಾನಕ್ಕೆ ಆಯ್ಕೆಯಾದರು.

ಅವರ ಆಡಳಿತದ ಕಾಲ ಜನಸಂಖ್ಯೆಯ ಪ್ರವಾಹದ ಕಾಲವಾಗಿತ್ತು. 1940ರಲ್ಲಿ 69 ಲಕ್ಷವಿದ್ದ ರಾಜ್ಯದ ಜನಸಂಖ್ಯೆ 1950ರ ವೇಳೆಗೆ ಒಂದು ಕೋಟಿ ಆರು ಲಕ್ಷ ತಲುಪಿತು. ಬಂದವರಿಗೆಲ್ಲ ರಸ್ತೆ, ಶಾಲೆ, ಆಸ್ಪತ್ರೆ ಒದಗಿಸುವುದೇ ಸರಕಾರದ ದೊಡ್ಡ ಕೆಲಸವಾಯಿತು. ಆದರೆ ಬಂದವರಿಗೆ ಮೇಲ್ಮನೆಯಲ್ಲಿ ಜಾಗ ಸಿಗಲಿಲ್ಲ. ಕಾರಣ 1926ರಲ್ಲಿ ಮತದಾರರು ಒಪ್ಪಿದ್ದ ಒಂದು ನಿಯಮ. ಅದರ ಪ್ರಕಾರ 40 ಸದಸ್ಯರ ರಾಜ್ಯ ಸೆನೆಟ್‌ನಲ್ಲಿ ಯಾವ ಕೌಂಟಿಗೂ ಒಂದಕ್ಕಿಂತ ಹೆಚ್ಚು ಸ್ಥಾನವಿಲ್ಲ. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಇದ್ದ ಹಾಗೆ. 1960ರ ಜನಗಣತಿಯ ಲೆಕ್ಕ ನೋಡಿ: ಲಾಸ್ ಏಂಜಲೀಸ್ ಕೌಂಟಿಯ 60 ಲಕ್ಷ ಜನರಿಗೆ ಒಬ್ಬ ಸೆನೆಟರ್. ಪರ್ವತ ಪ್ರದೇಶದ ಆಲ್ಪೈನ್, ಇನ್ಯೋ, ಮೋನೋ ಎಂಬ ಮೂರು ಕೌಂಟಿಗಳ ಒಟ್ಟು 14,294 ಜನರಿಗೂ ಒಬ್ಬ ಸೆನೆಟರ್. ಆಲ್ಪೈನ್‌ನಲ್ಲಿ ಆಗ ವಾಸವಿದ್ದವರು 397 ಜನ ಮಾತ್ರ. ಬೆಟ್ಟದ ಮೇಲಿನ ಒಬ್ಬನ ಮತ ನಗರದ 400ಕ್ಕೂ ಹೆಚ್ಚು ಜನರ ಮತಕ್ಕೆ ಸಮವಾಗಿತ್ತು.

ಇದನ್ನು ಬದಲಿಸಬೇಕೆಂಬ ಪ್ರಸ್ತಾಪ 1948ರಲ್ಲಿ ಜನಮತಕ್ಕೆ ಬಂತು. ಗವರ್ನರ್ ವಾರನ್ ಅದನ್ನು ವಿರೋಧಿಸಿದರು. ಕೃಷಿ, ನೀರು, ಅರಣ್ಯ, ಗಣಿ ಎಲ್ಲವೂ ಸಣ್ಣ ಕೌಂಟಿಗಳಲ್ಲಿವೆ. ಆದ್ದರಿಂದ ತಲೆ ಎಣಿಕೆಗಿಂತ ಹೆಚ್ಚಿನ ಪ್ರಾಶಸ್ತ್ಯ ಅವುಗಳಿಗೆ ಸಲ್ಲಬೇಕು ಎಂಬುದು ಅವರ ವಾದವಾಗಿತ್ತು. ಪ್ರಸ್ತಾಪ ಸೋತಿತು. ಹಳ್ಳಿಗಾಡಿನ ಸೆನೆಟರುಗಳೊಂದಿಗೆ ಆಡಳಿತ ಸುಗಮವಾಗಿ ನಡೆಯುತ್ತಿದ್ದುದರಿಂದ ಅದರಲ್ಲಿ ಅವರಿಗೆ ತಪ್ಪೇನೂ ಕಾಣಲಿಲ್ಲ.

1953ರಲ್ಲಿ ವಾರನ್ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಯಾದರು. ಮರುವರ್ಷ, 1954ರ ಮೇ 17ರಂದು, ಕಪ್ಪು ಮತ್ತು ಬಿಳಿಯ ಮಕ್ಕಳಿಗೆ ಪ್ರತ್ಯೇಕ ಸರಕಾರಿ ಶಾಲೆ ನಡೆಸುವುದು ಸಂವಿಧಾನಕ್ಕೆ ವಿರುದ್ಧ ಎಂಬ ಐತಿಹಾಸಿಕ ತೀರ್ಪನ್ನು ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ನೀಡಿದರು. ಜಗತ್ತು ಅವರನ್ನು ಹೆಚ್ಚಾಗಿ ನೆನೆಯುವುದು ಈ ತೀರ್ಪಿಗಾಗಿ. ಆದರೆ ಸ್ವತಃ ವಾರನ್ ತಮ್ಮ ಕಾಲದ ಅತ್ಯಂತ ಮಹತ್ವದ ತೀರ್ಪುಗಳೆಂದು ಭಾವಿಸಿದ್ದು ಕ್ಷೇತ್ರಗಳ ಹಂಚಿಕೆಗೆ ಸಂಬಂಧಿಸಿದವುಗಳನ್ನು. ಮತದ ತೂಕ ಸಮನಾಗಿದ್ದರೆ ಉಳಿದ ಅನ್ಯಾಯಗಳನ್ನು ಜನರೇ ಶಾಸನಸಭೆಯ ಮೂಲಕ ಸರಿಪಡಿಸಿಕೊಳ್ಳಬಲ್ಲರು ಎಂದು ಅವರು ನಂಬಿದ್ದರು.

ಸಮಸ್ಯೆಯ ಆಳವನ್ನು ತಿಳಿಯಲು ನಾವು ದಕ್ಷಿಣದ ಅಲಬಾಮಾ ರಾಜ್ಯಕ್ಕೆ ಹೋಗಬೇಕು. ಹತ್ತು ವರ್ಷಕ್ಕೊಮ್ಮೆ ಸ್ಥಾನಗಳನ್ನು ಪುನರ್‌ವಿಂಗಡಿಸಬೇಕೆಂದು ಆ ರಾಜ್ಯದ ಸಂವಿಧಾನವೇ ಹೇಳಿತ್ತು. ಆದರೂ 1901ರ ಬಳಿಕ 60 ವರ್ಷ ಆ ಕೆಲಸ ನಡೆಯಲಿಲ್ಲ. ಈ ನಡುವೆ ಬರ್ಮಿಂಗ್‌ಹ್ಯಾಮ್ ಎಂಬ ಉಕ್ಕಿನ ನಗರವಿರುವ ಜೆಫರ್ಸನ್ ಕೌಂಟಿ ಒಂದು ಲಕ್ಷ 40 ಸಾವಿರದಿಂದ 6,34,864 ಜನಕ್ಕೆ ಬೆಳೆಯಿತು. ಹತ್ತಿ ಬೆಳೆಯುವ ಲೌಂಡ್ಸ್ ಕೌಂಟಿ 35 ಸಾವಿರದಿಂದ 15,417ಕ್ಕೆ ಇಳಿಯಿತು. ಎರಡಕ್ಕೂ ತಲಾ ಒಬ್ಬರೇ ಸೆನೆಟರ್! ಗಡಿಯನ್ನು ಬದಲಿಸಬೇಕಾದವರು ಹಳೆಯ ಗಡಿಯಿಂದಲೇ ಗೆದ್ದು ಬಂದ ಶಾಸಕರು. ತಾನು ಕುಳಿತ ಕೊಂಬೆಯನ್ನು ತಾನೇ ಕಡಿಯುವವರು ಯಾರು? ಆದ್ದರಿಂದ ಶಾಸನಸಭೆಯಿಂದ ಪರಿಹಾರ ಸಿಗುವಂತಿರಲಿಲ್ಲ.

ಇನ್ನೊಂದು ಸಂಗತಿಯನ್ನೂ ಗಮನಿಸಿ. ಲೌಂಡ್ಸ್ ಕೌಂಟಿಯ ಜನರಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಕಪ್ಪು ಜನರು. 1965ರ ಆರಂಭದಲ್ಲಿ ಅವರಲ್ಲಿ ಒಬ್ಬರ ಹೆಸರೂ ಮತದಾರರ ಪಟ್ಟಿಯಲ್ಲಿರಲಿಲ್ಲ. ಸಣ್ಣ ಕೌಂಟಿಗೆ ಸಿಕ್ಕ ಹೆಚ್ಚುವರಿ ಬಲ ಅಲ್ಲಿನ ಬಡವರನ್ನು ತಲುಪಿರಲಿಲ್ಲ. ಬೆರಳೆಣಿಕೆಯ ಭೂಮಾಲೀಕರ ಕೈಯಲ್ಲಿತ್ತು. ಸಣ್ಣ ಪ್ರದೇಶದ ರಕ್ಷಣೆ ಎಂಬ ಮಾತು ಕೇಳಿದಾಗ ಅಲ್ಲಿ ರಕ್ಷಣೆ ಸಿಗುತ್ತಿರುವುದು ಯಾರಿಗೆ ಎಂದು ನಾವು ಕೇಳಿಕೊಳ್ಳಬೇಕು.

ಇಂಥ ದೂರುಗಳನ್ನು ನ್ಯಾಯಾಲಯಗಳು ಕೇಳಬಹುದು ಎಂದು 1962ರಲ್ಲಿ ಟೆನೆಸ್ಸೀ ರಾಜ್ಯದ ಪ್ರಕರಣದಲ್ಲಿ ತೀರ್ಮಾನವಾಯಿತು. ಅಲಬಾಮಾದ ಪ್ರಕರಣದಲ್ಲಿ 1964ರ ಜೂನ್ 15ರಂದು ವಾರನ್ ಅವರೇ ತೀರ್ಪು ಬರೆದರು. ಶಾಸಕರು ಪ್ರತಿನಿಧಿಸುವುದು ಮನುಷ್ಯರನ್ನೇ ಹೊರತು ಮರಗಳನ್ನಾಗಲಿ, ಎಕರೆಗಳನ್ನಾಗಲಿ ಅಲ್ಲ. ರಾಜ್ಯದ ಶಾಸನಸಭೆಯ ಎರಡೂ ಸದನಗಳು ಜನಸಂಖ್ಯೆಯ ಆಧಾರದಲ್ಲೇ ರಚನೆಯಾಗಬೇಕು ಎಂಬುದು ಅದರ ಸಾರ. ಅಮೆರಿಕದ ಸೆನೆಟ್‌ನಲ್ಲಿ ಪ್ರತಿ ರಾಜ್ಯಕ್ಕೂ ಎರಡು ಸ್ಥಾನವಿದೆಯಲ್ಲ ಎಂಬ ಪ್ರಶ್ನೆಗೂ ಅದರಲ್ಲಿ ಉತ್ತರವಿತ್ತು. ರಾಜ್ಯಗಳು ಸೇರಿ ಒಕ್ಕೂಟವನ್ನು ಕಟ್ಟಿದವು. ಕೌಂಟಿಗಳು ರಾಜ್ಯ ತನ್ನ ಆಡಳಿತಕ್ಕಾಗಿ ಮಾಡಿಕೊಂಡ ವಿಭಾಗಗಳು ಮಾತ್ರ. ಅದೇ ದಿನ ಕೊಲರಾಡೋ ಪ್ರಕರಣದಲ್ಲಿ ಇನ್ನೊಂದು ಮುಖ್ಯ ತತ್ವವೂ ಸ್ಥಾಪನೆಯಾಯಿತು. ಅಲ್ಲಿ ಅಸಮಾನ ಹಂಚಿಕೆಗೆ ಮತದಾರರೇ ಬಹುಮತದಿಂದ ಒಪ್ಪಿಗೆ ಕೊಟ್ಟಿದ್ದರು. ಆದರೂ ಒಬ್ಬ ಪ್ರಜೆಯ ಸಮಾನ ಹಕ್ಕನ್ನು ಬಹುಮತವೂ ಕಿತ್ತುಕೊಳ್ಳುವಂತಿಲ್ಲ ಎಂದು ನ್ಯಾಯಾಲಯ ಹೇಳಿತು.

ಗವರ್ನರ್ ಆಗಿ ತಾವು ಬೆಂಬಲಿಸಿದ್ದ ವ್ಯವಸ್ಥೆಯೇ ಈ ತೀರ್ಪಿನಿಂದ ಕುಸಿದುಬಿತ್ತು. ಅಂದಿನ ತಮ್ಮ ನಿಲುವು ರಾಜಕೀಯ ಅನುಕೂಲಕ್ಕೆ ಸೇರಿದ್ದು, ಅದು ತಪ್ಪಾಗಿತ್ತು ಎಂದು ವಾರನ್ ಒಪ್ಪಿಕೊಂಡರು. 1966ರ ಚುನಾವಣೆಯಲ್ಲಿ ಲಾಸ್ ಏಂಜಲೀಸ್ ಕೌಂಟಿಗೆ ಒಬ್ಬರ ಬದಲು ಹತ್ತಕ್ಕೂ ಹೆಚ್ಚು ಸೆನೆಟರುಗಳು ಸಿಕ್ಕರು. ವರ್ಮಾಂಟ್ ರಾಜ್ಯದಲ್ಲಿ ಊರಿಗೊಬ್ಬರಂತೆ 246 ಸದಸ್ಯರಿದ್ದ ಸದನ 1965ರಲ್ಲಿ 150ಕ್ಕೆ ಇಳಿಯಿತು. ಎಷ್ಟೋ ಸದಸ್ಯರು ತಮ್ಮ ಸ್ಥಾನವನ್ನೇ ಅಳಿಸುವ ಮಸೂದೆಗೆ ಮತ ಹಾಕಬೇಕಾಯಿತು. ತೀರ್ಪನ್ನು ರದ್ದುಪಡಿಸಲು 1965 ಮತ್ತು 1966ರಲ್ಲಿ ಸೆನೆಟ್‌ನಲ್ಲಿ ನಡೆದ ಸಂವಿಧಾನ ತಿದ್ದುಪಡಿಯ ಪ್ರಯತ್ನಗಳು ಸೋತವು.

ಸಣ್ಣ ಊರುಗಳ ಅಳಲು ಸುಳ್ಳೇನೂ ಆಗಿರಲಿಲ್ಲ. ಹಲವು ಕೌಂಟಿಗಳು ಸೇರಿ ಒಂದೇ ಕ್ಷೇತ್ರವಾದಾಗ ಶಾಸಕ ದೂರದವನಾಗುತ್ತಾನೆ. ಮನೆಬಾಗಿಲಿಗೆ ಬಂದು ಕಷ್ಟ ಕೇಳುವವರು ಇಲ್ಲವಾಗುತ್ತಾರೆ. ಅಲ್ಲದೆ ಸಂಖ್ಯೆ ಸಮನಾಗಿದ್ದರೂ ಗಡಿಯನ್ನು ಪಕ್ಷದ ಲಾಭಕ್ಕೆ ತಕ್ಕಂತೆ ತಿರುಚುವ ಚಾಳಿ ನಿಲ್ಲಲಿಲ್ಲ. ಸಮಾನ ಮತ ನ್ಯಾಯದ ಮೊದಲ ಮೆಟ್ಟಿಲು, ಕೊನೆಯ ಮೆಟ್ಟಿಲಲ್ಲ.

ನಮ್ಮ ರಾಜ್ಯಕ್ಕೂ ಈ ವಿಷಯ ಹೊಸದಲ್ಲ. ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗ, 1952ರಲ್ಲಿ, ಅದರ ವಿಧಾನಸಭೆಗೆ 24 ಸದಸ್ಯರಿದ್ದರು. 1956ರಲ್ಲಿ ಅದು ಮೈಸೂರು ರಾಜ್ಯದೊಂದಿಗೆ ವಿಲೀನವಾಯಿತು. 2008ರ ಪುನರ್‌ವಿಂಗಡಣೆಯಲ್ಲಿ ಸೋಮವಾರಪೇಟೆ ಕ್ಷೇತ್ರ ರದ್ದಾಗಿ ಮಡಿಕೇರಿ, ವಿರಾಜಪೇಟೆ ಎರಡೇ ಉಳಿದವು. ಬೆಂಗಳೂರು ನಗರ ಜಿಲ್ಲೆಗೆ 28 ಸ್ಥಾನ ಸಿಕ್ಕಿತು. 2001ರ ಜನಗಣತಿಯ ಪ್ರಕಾರ ಲೆಕ್ಕ ಹಾಕಿದರೆ ಬೆಂಗಳೂರಿನ ಒಬ್ಬ ಶಾಸಕನಿಗೆ ಸುಮಾರು 2.33 ಲಕ್ಷ ಜನ, ಕೊಡಗಿನ ಒಬ್ಬ ಶಾಸಕನಿಗೆ ಸುಮಾರು 2.74 ಲಕ್ಷ ಜನ. ಸಾಧ್ಯವಾದ ಮಟ್ಟಿಗೆ ಜನಸಂಖ್ಯೆಗೂ ಸ್ಥಾನಕ್ಕೂ ಇರುವ ಅನುಪಾತ ರಾಜ್ಯದಾದ್ಯಂತ ಒಂದೇ ಇರಬೇಕೆಂದು ನಮ್ಮ ಸಂವಿಧಾನದ 170ನೇ ವಿಧಿ ಹೇಳುತ್ತದೆ. ಆದರೆ ಸಣ್ಣ ಜಿಲ್ಲೆಗೆ ಒಂದು ಸ್ಥಾನ ಹೋದರೂ ಅದು ಮೂರನೇ ಒಂದು ಪಾಲು ಎಂಬುದನ್ನು ಕೊಡಗು ನಮಗೆ ನೆನಪಿಸುತ್ತದೆ.

ವಾರನ್ ದೋಷವಿಲ್ಲದ ಮನುಷ್ಯರೇನಲ್ಲ. 1942ರಲ್ಲಿ ಅಟಾರ್ನಿ ಜನರಲ್ ಆಗಿದ್ದಾಗ, ಯುದ್ಧದ ಭಯದಲ್ಲಿ ಜಪಾನಿ ಮೂಲದ ಜನರನ್ನು ಮನೆಗಳಿಂದ ಎಬ್ಬಿಸಿ ಶಿಬಿರಗಳಿಗೆ ಸಾಗಿಸುವುದನ್ನು ಅವರು ಬೆಂಬಲಿಸಿದ್ದರು. ಒಂದು ಲಕ್ಷಕ್ಕೂ ಹೆಚ್ಚು ಜನ, ಪುಟ್ಟ ಮಕ್ಕಳೂ ಸೇರಿ, ಅದರಿಂದ ನೊಂದರು. ಅವರ ಮರಣಾನಂತರ 1977ರಲ್ಲಿ ಪ್ರಕಟವಾದ ಆತ್ಮಕಥನದಲ್ಲಿ ಅದಕ್ಕಾಗಿ ಆಳವಾದ ಪಶ್ಚಾತ್ತಾಪವಿದೆ. 1969ರಲ್ಲಿ ನಿವೃತ್ತರಾದ ವಾರನ್ 1974ರ ಜುಲೈ 9ರಂದು ನಿಧನರಾದರು.

ವಿದ್ಯಾರ್ಥಿ ಮಿತ್ರರೇ, ಈ ಜೀವನದಿಂದ ನಾವು ಎರಡು ಮಾತು ಕಲಿಯೋಣ. ಜನಗಣತಿಯವರು ಮನೆಗೆ ಬಂದಾಗ ಮನೆಯ ಎಲ್ಲರನ್ನೂ ಸರಿಯಾಗಿ ಬರೆಸೋಣ, ಹದಿನೆಂಟು ತುಂಬಿದೊಡನೆ ಮತದಾರರ ಪಟ್ಟಿಗೆ ಹೆಸರು ಸೇರಿಸೋಣ. ಎಣಿಕೆಗೆ ಸಿಗದವನ ಮಾತಿಗೆ ಶಾಸನಸಭೆಯಲ್ಲಿ ತೂಕವಿಲ್ಲ. ಇನ್ನೊಂದು, ನಮಗೆ ಅನುಕೂಲವಾಗಿರುವ ವ್ಯವಸ್ಥೆ ಇತರರಿಗೆ ಅನ್ಯಾಯ ಮಾಡುತ್ತಿದೆಯೇ ಎಂದು ಆಗಾಗ ಕೇಳಿಕೊಳ್ಳೋಣ. ಹೌದೆಂದು ತಿಳಿದಾಗ, ವಯಸ್ಸು ಎಷ್ಟೇ ಆಗಿರಲಿ, ಸ್ಥಾನ ಎಷ್ಟೇ ದೊಡ್ಡದಿರಲಿ, ನಮ್ಮ ನಿಲುವನ್ನು ತಿದ್ದಿಕೊಳ್ಳಲು ಹಿಂಜರಿಯದಿರೋಣ.