ಕೆಲಸಗಳನ್ನು ಎಣಿಸಿದ ಹೆನ್ರಿ ಫೋರ್ಡ್

ಕಾರು ತಯಾರಿಸಿದ ಹೆನ್ರಿ ಫೋರ್ಡ್ ಅವರ ಹೆಸರನ್ನು ನೀವೆಲ್ಲಾ ಕೇಳಿರಬಹುದು. ಆದರೆ ಅವರ ಕಾರ್ಖಾನೆಯಲ್ಲಿ ಎಂಥೆಂಥವರು ಕೆಲಸ ಮಾಡ್ತಿದ್ರು ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ.

ಫೋರ್ಡ್ ಅವರು 1863ನೇ ಇಸವಿ ಜುಲೈ 30ರಂದು ಅಮೆರಿಕಾ ದೇಶದ ಮಿಷಿಗನ್ ರಾಜ್ಯದ ಒಂದು ರೈತ ಕುಟುಂಬದಲ್ಲಿ ಜನಿಸಿದರು. ಅವರಿಗೆ ಹೊಲದ ಕೆಲಸ ಅಂದ್ರೆ ಅಷ್ಟಕ್ಕಷ್ಟೆ. ಗಡಿಯಾರ ಸಿಕ್ಕರೆ ಸಾಕು, ಬಿಚ್ಚಿ ಮತ್ತೆ ಜೋಡಿಸುತ್ತಿದ್ದರು. 16ನೇ ವಯಸ್ಸಿಗೆ ಡೆಟ್ರಾಯಿಟ್ ನಗರಕ್ಕೆ ಹೋಗಿ ಯಂತ್ರದ ಕೆಲಸ ಕಲಿತರು. ಮುಂದೆ ವಿದ್ಯುತ್ ಕಂಪನಿಯೊಂದರಲ್ಲಿ ಎಂಜಿನಿಯರ್ ಆದರು. 1896ರಲ್ಲಿ ತಮ್ಮ ಮೊದಲನೇ ಗಾಡಿಯನ್ನು ಮಾಡಿ ಮುಗಿಸಿದಾಗ ಅದು ಶೆಡ್ಡಿನ ಬಾಗಿಲಲ್ಲಿ ಹಿಡಿಸಲೇ ಇಲ್ಲ! ಗೋಡೆ ಒಡೆದು ಹೊರಗೆ ತಂದರು. 1903ರಲ್ಲಿ ಫೋರ್ಡ್ ಕಂಪನಿ ಶುರುವಾಯಿತು, 1908ರಲ್ಲಿ ಮಾಡೆಲ್ ಟಿ ಎಂಬ ಕಾರು ಬಂತು.

1913ರಲ್ಲಿ ಅವರು ಹೊಸ ಪದ್ಧತಿ ತಂದರು. ಕಾರು ತಾನೇ ಸಾಲಿನಲ್ಲಿ ಸರಿಯುತ್ತಾ ಬರುತ್ತದೆ, ಕೆಲಸಗಾರ ನಿಂತಲ್ಲೇ ನಿಂತು ಒಂದೇ ಒಂದು ಸಣ್ಣ ಕೆಲಸ ಮಾಡ್ತಾನೆ. ಒಬ್ಬ ಬೋಲ್ಟ್ ಇಟ್ಟರೆ ಇನ್ನೊಬ್ಬ ನಟ್ ತಿರುಗಿಸೋದು, ಅಷ್ಟೇ. ದಿನಾ ಅದನ್ನೇ ಮಾಡೋಕೆ ಬೇಜಾರಾಗಿ ಬಹಳ ಜನ ಬಿಟ್ಟು ಹೋಗುತ್ತಿದ್ದರು. ಅದಕ್ಕೆ 1914ರಲ್ಲಿ ದಿನದ ಸಂಬಳವನ್ನು 5 ಡಾಲರ್‌ಗೆ ಏರಿಸಿದರು. ಮೊದಲಿಗಿಂತ ಅದು ಹತ್ತಿರ ಹತ್ತಿರ ಎರಡರಷ್ಟು.

ಕೆಲಸ ಹೀಗೆ ಚೂರು ಚೂರಾಗಿದ್ದರಿಂದಲೇ ಇನ್ನೊಂದು ದಾರಿ ಕಂಡಿತು. ನಮ್ಮ ಕಡೆ ಯಾರಿಗಾದ್ರೂ ಕಾಲಿಲ್ಲ ಅಂದ್ರೆ ಮೊದಲು ಪಾಪ ಅಂತಾರೆ, ಆಮೇಲೆ ನಿನಗೆ ಕೆಲಸ ಇಲ್ಲ ಅಂತಾರೆ. ಫೋರ್ಡ್ ಅವರು ಆ ಮನುಷ್ಯನಿಗೆ ಏನಿಲ್ಲ ಅಂತ ಕೇಳಲಿಲ್ಲ, ಈ ಕೆಲಸಕ್ಕೆ ಏನು ಬೇಕು ಅಂತ ಕೇಳಿದರು. ಕಾರ್ಖಾನೆಯ ಎಲ್ಲಾ ಕೆಲಸಗಳನ್ನೂ ಎಣಿಸಿಸಿದರು. ಒಟ್ಟು 7,882 ಬಗೆ. ನಿಜವಾಗಿ ಗಟ್ಟಿಮುಟ್ಟಾದ ಆಳೇ ಬೇಕು ಅನ್ನುವಂಥ ಭಾರದ ಕೆಲಸ 949 ಮಾತ್ರ. ಎರಡೂ ಕಾಲಿಲ್ಲದವರು ಮಾಡಬಹುದಾದದ್ದು 670, ಒಂದು ಕಾಲು ಇರುವವರು ಮಾಡಬಹುದಾದದ್ದು 2,637, ಒಂದು ಕೈ ಇರುವವರಿಗೆ 715, ಕಣ್ಣು ಕಾಣದವರಿಗೆ 10, ಎರಡೂ ಕೈ ಇಲ್ಲದವರಿಗೂ 2 ಕೆಲಸ ಸಿಕ್ಕಿದವು. ನಾನು ಕೂಡಿಸಿ ನೋಡಿದೆ, 4,034 ಆಗುತ್ತೆ. ಅಂದ್ರೆ ಅರ್ಧಕ್ಕಿಂತ ಜಾಸ್ತಿ!

1922ರಲ್ಲಿ ಬಂದ ಅವರ ಪುಸ್ತಕದಲ್ಲಿ ಈ ಲೆಕ್ಕವಿದೆ. ಕಾಯಿಲೆಯೋ ಅಂಗದ ಊನವೋ ಇದ್ದ 9,563 ಜನ ಆಗ ಅಲ್ಲಿ ಕೆಲಸದಲ್ಲಿದ್ದರು. ಅವರಲ್ಲಿ ಒಂದು ಕಾಲಿಲ್ಲದವರು 234, ಕಿವಿ ಕೇಳದ ಮಾತು ಬಾರದವರು 37, ಮೂರ್ಛೆರೋಗದವರು 60, ಕಣ್ಣು ಪೂರ್ತಿ ಕಾಣದವರು 4. ಸರಿಯಾದ ಜಾಗದಲ್ಲಿ ಹಾಕಿದರೆ ಇವರು ಬೇರೆಯವರಷ್ಟೇ ದುಡಿದು ಅಷ್ಟೇ ಸಂಬಳ ತಗೋಬಹುದು ಅನ್ನೋದು ಫೋರ್ಡ್ ಅವರ ನಂಬಿಕೆ. ದಾನ ಕೊಡೋದು ಅವರಿಗೆ ಹಿಡಿಸುತ್ತಿರಲಿಲ್ಲ.

ಒಮ್ಮೆ ಕಣ್ಣಿಲ್ಲದ ಒಬ್ಬರನ್ನು ನಟ್ಟು ಬೋಲ್ಟು ಎಣಿಸುವ ಕೆಲಸಕ್ಕೆ ಹಾಕಿದರು. ಅಲ್ಲಿ ಮೊದಲೇ ಕಣ್ಣು ಚೆನ್ನಾಗಿದ್ದ ಇಬ್ಬರು ಇದ್ದರು. ಎರಡೇ ದಿನಕ್ಕೆ ಮೇಸ್ತ್ರಿಯಿಂದ ಚೀಟಿ ಬಂತು: ಆ ಇಬ್ಬರನ್ನೂ ಬೇರೆ ಕಡೆ ಹಾಕಿ, ಅವರ ಕೆಲಸವನ್ನೂ ಇವರೊಬ್ಬರೇ ಮಾಡ್ತಾರೆ ಅಂತ! ಆಸ್ಪತ್ರೆಯಲ್ಲಿ ಮಲಗಿದ್ದ ಕೆಲಸಗಾರರಿಗೂ ಇಷ್ಟವಿದ್ದರೆ ಕೆಲಸ ಸಿಗುತ್ತಿತ್ತು. ಹಾಸಿಗೆ ಮೇಲೆ ರೆಕ್ಸಿನ್‌ನಂಥ ಕಪ್ಪು ಬಟ್ಟೆ ಹಾಸಿಕೊಂಡು ಸಣ್ಣ ಬೋಲ್ಟುಗಳಿಗೆ ನಟ್ ಹಾಕುತ್ತಿದ್ದರು, ಅದಕ್ಕೂ ಸಂಬಳ. ಹೀಗೆ ಮಾಡಿದವರು ಚೆನ್ನಾಗಿ ಊಟ ಮಾಡಿ ಬೇಗ ಗುಣವಾದರಂತೆ.

ಆದ್ರೆ ಫೋರ್ಡ್ ಅವರದ್ದು ಎಲ್ಲವೂ ಸರಿ ಅಂತ ನಾನು ಬರೆಯಲಾರೆ. 1920ರಿಂದ ಅವರ ಪತ್ರಿಕೆಯಲ್ಲಿ ಯಹೂದಿ ಜನರ ಮೇಲೆ ಕೆಟ್ಟದಾಗಿ, ಸುಳ್ಳು ಸುಳ್ಳಾಗಿ ಬರೆಸಿದರು. 1927ರಲ್ಲಿ ಕ್ಷಮೆ ಕೇಳಿದರು. ಕೆಲಸಗಾರರ ಸಂಘವನ್ನು 1941ರವರೆಗೂ ಒಪ್ಪಲಿಲ್ಲ. ಒಂದೊಂದು ಕೆಲಸವನ್ನೂ ಅಷ್ಟು ಚೆನ್ನಾಗಿ ಅಳೆದವರು ಇದರಲ್ಲಿ ಹೇಗೆ ತಪ್ಪಿದರೋ!

1947ರ ಏಪ್ರಿಲ್ 7ರ ರಾತ್ರಿ, ತಮ್ಮ 83ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಹೊಳೆಗೆ ನೆರೆ ಬಂದು ಮನೆಯಲ್ಲಿ ಕರೆಂಟು ಹೋಗಿತ್ತು. ಕೋಣೆಯಲ್ಲಿ ಮೇಣದಬತ್ತಿ ಹಚ್ಚಿಟ್ಟಿದ್ದರು.